ದನದ ವ್ಯಾಗನ್ನಿನ ಮೂಲ ನಕ್ಷೆ

ಐರ್ಲೆಂಡಿನಲ್ಲಿ ಮಳೆಗೆ ಹೊತ್ತುಗೊತ್ತಿಲ್ಲವಂತೆ. ಅಂಥ ದೇಶದಲ್ಲಿ ರೈಲಿನ ವ್ಯಾಗನ್ನಿಗೆ ಚಾವಣಿ ಹಾಕುವಾಗ ನಟ್ಟನಡುವೆ ದೊಡ್ಡದೊಂದು ಕಂಡಿ ಬಿಟ್ಟವರು ಯಾರು, ಆ ಕಂಡಿಯನ್ನು ಮುಚ್ಚಿದ ತಾಡಪತ್ರಿಯನ್ನು ಹೇಗೆ ಕಟ್ಟುತ್ತಿದ್ದರು ಎಂಬ ಪ್ರಶ್ನೆ ಕೆನಡಾದ ಸ್ಕಾರ್‌ಬರೋದಲ್ಲಿ ಸಂಸಾರ ಹೂಡಿರುವ ಹುಬ್ಬಳ್ಳಿಯ ಮನುಷ್ಯನನ್ನು ಕಾಡಬೇಕಾದ ಕಾರಣವೇ ಇರಲಿಲ್ಲ. ಆದರೂ ಅದು ನನ್ನನ್ನು ಹಿಡಿದು ಚೆನ್ನಾಗಿ ಅಲ್ಲಾಡಿಸಿತು.

ಇದಕ್ಕೆಲ್ಲ ಮೂಲ ನನ್ನ ಮಗಳ ಈಜಿನ ಕ್ಲಾಸು. ಅವಳು ನೀರಿನಲ್ಲಿರುವಷ್ಟು ಹೊತ್ತು ನಾನು ಹೊರಗೆ ಕಾಯಬೇಕು. ಕೊಳದ ಔಷಧಿಯ ವಾಸನೆ ನನಗೆ ಆಗಿಬರುವುದಿಲ್ಲ. ಒಂದು ಸಂಜೆ ತಲೆನೋವು ತಡೆಯಲಾರದೆ ಆ ಕಟ್ಟಡದಲ್ಲೇ ಸುತ್ತಾಡುತ್ತ ಬೇಸ್‌ಮೆಂಟಿಗೆ ಇಳಿದೆ. ಅಲ್ಲೊಂದು ಬಾಗಿಲು ತೆರೆದಿತ್ತು. ಒಳಗೆ ಉದ್ದನೆಯ ಮೇಜಿನ ಮೇಲೆ ಹಸಿರು ಗುಡ್ಡ, ಕಲ್ಲಿನ ಸೇತುವೆ, ಬೂಟಿನ ಡಬ್ಬಿಯಷ್ಟು ದೊಡ್ಡ ಸ್ಟೇಷನ್ನು, ಅದರ ಮುಂದೆ ಪುಟಾಣಿ ರೈಲು. ಸುತ್ತ ನಿಂತ ನರೆಗೂದಲಿನ ಗಂಡಸರೆಲ್ಲ ಲೆವೆಲ್ ಕ್ರಾಸಿಂಗಿನ ಗೇಟಿಗೆ ಯಾವ ಬಿಳಿ ಬಣ್ಣ ಹೊಡೆಯಬೇಕೆಂದು ಜಗಳಾಡುತ್ತಿದ್ದರು. ನಮ್ಮ ರಾಜ್ಯೋತ್ಸವದ ಕಮಿಟಿಯ ಹೊರಗೆ ಇಷ್ಟು ಮನಸ್ಸಿಟ್ಟು ಜಗಳಾಡುವ ಜನರನ್ನು ನಾನು ಈ ದೇಶದಲ್ಲಿ ಕಂಡೇ ಇರಲಿಲ್ಲ. ಒಮ್ಮೆಲೇ ಮನೆಗೆ ಬಂದ ಹಾಗಾಯಿತು.

ಅದು ಮಾಡೆಲ್ ರೈಲಿನ ಕ್ಲಬ್ಬು. ಅಧ್ಯಕ್ಷರು ಐರ್ಲೆಂಡಿನಲ್ಲಿ ಹುಟ್ಟಿದವರು, ಆರಡಿ ಎತ್ತರ, ಮೀಸೆಯಷ್ಟು ದಪ್ಪ ಹುಬ್ಬು. ತಮ್ಮೂರಿನ ಹಳೆಯ ಶಾಖಾ ಮಾರ್ಗವೊಂದನ್ನು ಆ ಬೇಸ್‌ಮೆಂಟಿನಲ್ಲಿ ಮತ್ತೆ ಕಟ್ಟಲು ಹೊರಟಿದ್ದರು. ಹೊಸದಾಗಿ ಸೇರುವವನು ಒಂದು ಬಂಡಿಯನ್ನು ತಾನೇ ಮಾಡಿಕೊಡಬೇಕು, ಅದನ್ನು ರೈಲ್ವೆಯ ಮೂಲ ನಕ್ಷೆ ನೋಡಿಯೇ ಮಾಡಬೇಕು. "ನಕ್ಷೆಯಲ್ಲಿ ಇಲ್ಲದ್ದು ಬಂಡಿಯ ಮೇಲೆ ಇರಬಾರದು. ಅಂದಾಜಿನ ಮೇಲೆ ಮಾಡಿದ ಬಂಡಿ ನಮ್ಮ ಹಳಿ ಹತ್ತುವುದಿಲ್ಲ," ಎಂದರು.

ನನಗೆ ಆ ಮಾತು ಹಾಲು ಕುಡಿದಷ್ಟು ಹಿತವಾಯಿತು. ನಾನು ವುಡ್‌ಬ್ರಿಡ್ಜಿನ ತಗಡಿನ ಕಾರ್ಖಾನೆಯೊಂದರಲ್ಲಿ ತಪಾಸಣೆ ಮಾಡುವವನು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುತ್ತೇನೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆಂದು ಹೆಂಡತಿಯ ದೂರು. ಆ ಉತ್ಸಾಹದಲ್ಲಿ ಅಧ್ಯಕ್ಷರಿಗೆ, ನಿಮ್ಮ ಐರಿಷ್ ಬ್ರಾಡ್‌ಗೇಜಿಗಿಂತ ನಮ್ಮ ಬ್ರಾಡ್‌ಗೇಜು ಮೂರು ಇಂಚು ಹೆಚ್ಚು ಅಗಲ ಎಂದು ಹೇಳಿಬಿಟ್ಟೆ. ಅವರ ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತಿತು.

ಬಹುಶಃ ಅದಕ್ಕೇ ನನಗೆ ದನದ ವ್ಯಾಗನ್ ಬಂತು. ಎಂಜಿನ್ನು, ಟಪಾಲು ಬೋಗಿ, ಮೊದಲ ದರ್ಜೆಯ ಬೋಗಿ ಎಲ್ಲ ಹಳಬರ ಪಾಲಾಗಿದ್ದವು. ಯಾರೂ ಮುಟ್ಟದೆ ಉಳಿದದ್ದು ಇದೊಂದೇ. ಈ ವ್ಯಾಗನ್ ಹೋಗುವಾಗ ದನ ಒಯ್ಯುತ್ತಿತ್ತು, ಬರುವಾಗ ಮೂಟೆ ತರುತ್ತಿತ್ತು. ದನಗಳಿಗೆ ಗಾಳಿ ಬೇಕೆಂದು ಚಾವಣಿಯ ನಡುಭಾಗವನ್ನು ತೆರೆದಿಟ್ಟಿದ್ದರು. ಮೂಟೆ ತುಂಬಿದಾಗ ಅದರ ಮೇಲೆ ತಾಡಪತ್ರಿ ಎಳೆದು ಕಟ್ಟುತ್ತಿದ್ದರು. ಇಷ್ಟು ಎಲ್ಲರಿಗೂ ಗೊತ್ತು. ಹಗ್ಗ ಎಲ್ಲಿಂದ ಎಲ್ಲಿಗೆ, ಗಂಟು ಯಾವ ಕಡೆ, ಇದು ಯಾರಿಗೂ ಗೊತ್ತಿಲ್ಲ. ಹಳೆಯ ಫೋಟೋಗಳೇನೋ ಬೇಕಾದಷ್ಟಿವೆ. ಆದರೆ ಫೋಟೋ ತೆಗೆಯುವವನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ತೆಗೆಯುತ್ತಾನೆಯೇ ಹೊರತು ದನದ ವ್ಯಾಗನ್ನಿನ ನೆತ್ತಿ ನೋಡಲು ಮರ ಹತ್ತುವುದಿಲ್ಲ.

ಮನೆಗೆ ಬಂದು ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅವಳು ಹಗಲೆಲ್ಲ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಎಂಥೆಂಥ ರೋಗಿಗಳನ್ನೋ ನೋಡುವವಳು.

"ಎಲ್ಲಾರಿಗೂ ಎಂಜಿನ್ನು, ನಿಮಗ ದನದ ಗಾಡಿ! ಅದೂ ಮಾಳಗಿ ತೂತ ಬಿದ್ದದ್ದು! ಅವರು ಕೊಟ್ರು ಅಂತ ನೀವು ಹೂಂ ಅಂದು ಬಂದ್ರಿ?"

"ತೂತು ಬಿದ್ದದ್ದಲ್ಲ. ಬಿಟ್ಟದ್ದು," ಎಂದೆ.

ಹುಡುಕಾಟ ಶುರುವಾಯಿತು. ಐರ್ಲೆಂಡಿನ ಸಂಗ್ರಹಾಲಯವೊಂದಕ್ಕೆ ಬರೆದೆ, ಆ ನಕ್ಷೆಯ ಹೆಸರು ನಮ್ಮಲ್ಲಿದೆ, ನಕ್ಷೆ ಮಾತ್ರ ಇಲ್ಲ ಎಂದು ಬಹಳ ಮರ್ಯಾದೆಯಿಂದ ತಿಳಿಸಿದರು. ಅಲ್ಲಿಯ ರೈಲ್ವೆಯಿಂದ ನಿವೃತ್ತರಾದವರೊಬ್ಬರು ಎರಡು ವಾರ ಅಟ್ಟದ ಮೇಲೆ ಹುಡುಕಿ ಒಂದು ನಕ್ಷೆ ಕಳಿಸಿದರು. ನೋಡಿದರೆ ಬೇರೆ ರೈಲ್ವೆಯ ವ್ಯಾಗನ್. ಇನ್ನೊಬ್ಬರದು ಕಣ್ಣಿಗೆ ಒತ್ತಿಕೊಳ್ಳುವಷ್ಟು ಚಂದದ ನಕ್ಷೆ, ಎಲ್ಲ ಅಳತೆಯೂ ಇತ್ತು. ಆದರೆ ಅದನ್ನು ಫೋಟೋ ನೋಡಿ ಅವರೇ ಬರೆದಿದ್ದರು, ಚಾವಣಿಯ ಜಾಗದಲ್ಲಿ "ಬಹುಶಃ ಹೀಗೆ" ಎಂದು ಗೀಚಿದ್ದರು. ಆ "ಬಹುಶಃ" ಕಂಡು ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು. ಮತ್ತೊಬ್ಬ ಪುಣ್ಯಾತ್ಮ ಕಳಿಸಿದ್ದು ಕುದುರೆ ಸಾಗಿಸುವ ವ್ಯಾನಿನ ನಕ್ಷೆ. ಐರಿಷ್ ರೈಲಿನಲ್ಲಿ ಕುದುರೆಯ ಮುಖ ಯಾವ ಕಡೆ ಇರುತ್ತಿತ್ತು, ಅದನ್ನು ನೋಡಿಕೊಳ್ಳುವವನು ಎಲ್ಲಿ ಕೂರುತ್ತಿದ್ದ ಎಂಬುದೆಲ್ಲ ನನಗೀಗ ಬಾಯಿಪಾಠ. ಯಾರೂ ಕೇಳುವವರಿಲ್ಲ, ಅಷ್ಟೇ.

ಊಟಕ್ಕೆ ಕುಳಿತಾಗಲೂ ಅದೇ ಮಾತು. ಮಗಳು, "ಅಪ್ಪಾ, ಕ್ಯಾನ್ ವಿ ಹ್ಯಾವ್ ಒನ್ ಡಿನ್ನರ್ ವಿದೌಟ್ ದ ಕೌಸ್?" ಎಂದು ತಟ್ಟೆ ಎತ್ತಿಕೊಂಡು ಮೇಲೆ ಹೋದಳು. ಪರಿಚಯದವರ ಮನೆಯ ಪೂಜೆಯಲ್ಲಿ ಉಡುಪಿ ಕಡೆಯವರೊಬ್ಬರು, "ಏನು ಮಾರಾಯ್ರೆ, ದಿನಾ ಐರ್ಲೆಂಡಿಗೆ ಮೆಸೇಜ್ ಮಾಡ್ತೀರಂತೆ, ಅಲ್ಲಿ ನಿಮ್ಮವರು ಯಾರುಂಟು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಒಂದು ದನದ ಗಾಡಿ ಐತ್ರೀ," ಎಂದಳು.

ಕೊನೆಗೊಂದು ಸಂಜೆ ನಾನು ಕೈಚೆಲ್ಲಿ, ಬೇರೆ ಬಂಡಿ ಕೊಡಿ ಎಂದಾಗ ಅಧ್ಯಕ್ಷರು ತಮ್ಮ ಬೂಟಿನ ತುದಿ ನೋಡುತ್ತ ಒಂದು ವಿಷಯ ಹೇಳಿದರು. ಆ ವ್ಯಾಗನ್ನಿನ ನಕ್ಷೆ ಇದೆ. ಐರ್ಲೆಂಡಿನಲ್ಲಲ್ಲ, ಇಲ್ಲೇ ಹತ್ತಿರದ ನ್ಯೂಮಾರ್ಕೆಟ್ ಎಂಬ ಊರಿನಲ್ಲಿ. ಅಲ್ಲೊಬ್ಬ ಮುದುಕಿ ಇದ್ದಾರೆ, ಅವರ ತಂದೆ ಆ ರೈಲ್ವೆಯ ನಕ್ಷೆಯ ಆಫೀಸಿನಲ್ಲಿ ಕೆಲಸಕ್ಕಿದ್ದವರು.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಅವರು ಹೇಳಿದ್ದು ಕೇಳಿ ಸಿಟ್ಟು ಇಳಿದು ನಗು ಬಂತು. ಹಿಂದೊಮ್ಮೆ ಅವರೇ ಆಕೆಯ ಮನೆಗೆ ಹೋಗಿದ್ದರಂತೆ. ಆಕೆ ನಕ್ಷೆ ಬಿಚ್ಚಿ ತೋರಿಸಿದ ಕೂಡಲೇ ಇವರು ಬಗ್ಗಿ ನೋಡಿ, ನಿಮ್ಮ ತಂದೆ ಇಲ್ಲೊಂದು ಬೋಲ್ಟು ತಪ್ಪು ಹಾಕಿದ್ದಾರೆ ಎಂದರಂತೆ. ಆಕೆ ನಕ್ಷೆ ಸುತ್ತಿಟ್ಟು ಇವರ ಟೋಪಿ ತಂದುಕೊಟ್ಟರಂತೆ. ಆಮೇಲೆ ರೈಲಿನ ಹುಚ್ಚಿನವರು ಯಾರೇ ಬಂದರೂ ಆ ಬಾಗಿಲು ತೆರೆಯಲಿಲ್ಲ.

"ನಾನೂ ಬರ್ತೀನಿ," ಎಂದಳು ಮನೆಯಲ್ಲಿ ಇದನ್ನು ಕೇಳಿದ ಹೆಂಡತಿ. "ನಿಮ್ಮನ್ನ ಒಬ್ರನ್ನ ಕಳಿಸಿದ್ರ ನೀವೂ ಬೋಲ್ಟ್ ತೋರಸ್ತೀರಿ." ಹಿಂದಿನ ದಿನವೇ ಕೂತು ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದಳು.

ನ್ಯೂಮಾರ್ಕೆಟ್ಟಿನ ಆ ಮುದುಕಿ ಪುಟ್ಟ ಆಕೃತಿಯವರು. ಬಣ್ಣ ಹೋದ ಸ್ವೆಟರು, ಕಣ್ಣು ಮಾತ್ರ ಬಹಳ ಚುರುಕು. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವವರಿದ್ದರೋ ಏನೋ, ಹೆಂಡತಿ ಡಬ್ಬಿ ಮುಂದೆ ಮಾಡಿದ್ದರಿಂದ ಒಳಗೆ ಕರೆದರು. ಇಬ್ಬರೂ ಮೊಣಕಾಲಿನ ನೋವು, ಅದಕ್ಕೆ ತೆಗೆದುಕೊಳ್ಳುವ ಗುಳಿಗೆ, ಆ ಗುಳಿಗೆಯಿಂದ ಕೆಡುವ ಹೊಟ್ಟೆ ಎಂದು ಒಂದರ ಹಿಂದೊಂದು ಮಾತಾಡಿದರು. ಆಕೆ ಎರಡನೆಯ ಹೋಳಿಗೆ ಮುಗಿಸಿ ಬೆರಳು ಒರೆಸಿಕೊಂಡು, "ಸರಿ, ನಕ್ಷೆ ನೋಡಬೇಕಾದವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೆಂಡತಿ ನನ್ನ ಕಡೆ ಕೈ ಮಾಡಿದಳು.

ಉದ್ದನೆಯ ಕೊಳವೆಯಿಂದ ಆಕೆ ಹಾಳೆಯನ್ನು ಹೊರತೆಗೆದು ಮೇಜಿನ ಮೇಲೆ ಹಾಸಿದರು. ತೆಳು ನೀಲಿ ಛಾಯೆಯ, ಮಿರಿಮಿರಿ ಮಿಂಚುವ ಹಾಳೆ. ಅದರ ಮೇಲೆ ಕಪ್ಪು ಶಾಯಿಯಲ್ಲಿ ನನ್ನ ವ್ಯಾಗನ್: ಬದಿಯಿಂದ, ಮುಂದಿನಿಂದ, ಮತ್ತೆ ನಾನು ಇಷ್ಟು ದಿನ ತಪಸ್ಸು ಮಾಡಿದಂತೆ ಹುಡುಕಿದ ನೆತ್ತಿ. ತಾಡಪತ್ರಿ, ಅದರ ಅಂಚಿನ ರಂಧ್ರಗಳು, ಅಡ್ಡಡ್ಡ ಹೋದ ಹಗ್ಗ, ಹಗ್ಗದ ಎಳೆಗಳ ಹುರಿ ಕೂಡ. ಒಂದು ಗೆರೆಯೂ ನಡುಗಿರಲಿಲ್ಲ. ದನದ ಗಾಡಿಯ ಚಾವಣಿ ನೋಡಿ ಕಣ್ಣು ತುಂಬಿ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ.

ಆಮೇಲೆ ಕಾಣಿಸಿತು. ತಾಡಪತ್ರಿಯ ಮೇಲೆ, ಸರಿಯಾಗಿ ಗಂಟಿನ ಜಾಗದಲ್ಲೇ, ಯಾರೋ ಚಹಾದ ಕಪ್ಪು ಇಟ್ಟು ಮೂಡಿದ, ಬಳೆಯಂಥ ದುಂಡನೆಯ ಕಂದು ಕಲೆ. ಕಸುಬಿನ ಚಟ, ನನ್ನ ಬೆರಳು ತಾನಾಗಿ ಎದ್ದಿತು. "ಇಲ್ಲೊಂದು—" ಎನ್ನುವಷ್ಟರಲ್ಲಿ ಮೇಜಿನ ಕೆಳಗೆ ಹೆಂಡತಿ ನನ್ನ ಕಾಲು ತುಳಿದಳು.

"ಹೂಂ? ತಪ್ಪೇನಾದರೂ ಇದೆಯೇ?" ಎಂದು ಆಕೆ ಕೇಳಿದರು.

"ಒಂದೂ ಇಲ್ಲ," ಎಂದೆ. ಬೋಲ್ಟನ್ನೂ ನೋಡಿದ್ದೆ; ಅದೂ ಸರಿಯಾಗಿಯೇ ಇತ್ತು.

ಮನೆಗೆ ಒಯ್ದು ನಿಧಾನವಾಗಿ ಅಳತೆ ತೆಗೆದುಕೊಳ್ಳಿ ಎಂದು ಆಕೆಯೇ ಹೇಳಿದರು. ಯಂತ್ರಕ್ಕೆ ಮಾತ್ರ ಹಾಕಬಾರದು, ಹಿಂದೆ ಬೇರೊಂದು ಹಾಳೆಯನ್ನು ನಕಲು ತೆಗೆಯುವ ಯಂತ್ರ ಅಗಿದು ಹಾಕಿತ್ತಂತೆ. ಬಾಗಿಲ ತನಕ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. "ಅಪ್ಪನ ಕೈಕೆಲಸ ಅಂತ ನನ್ನ ಹತ್ತಿರ ಉಳಿದಿರುವುದು ಇದೊಂದೇ. ಹೇಗಿದೆಯೋ ಹಾಗೇ ತಂದುಕೊಡಿ."

ಹೆದ್ದಾರಿಯುದ್ದಕ್ಕೂ ಹೆಂಡತಿ ಆ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಅದಕ್ಕೂ ಸೀಟ್‌ಬೆಲ್ಟ್ ಹಾಕಿಸಿದ್ದೆ.

ನಮ್ಮ ಊಟದ ಮೇಜು ಅಂದಿನಿಂದ ಊಟಕ್ಕೆ ಸಿಗಲಿಲ್ಲ. ಶಿಫ್ಟು ಮುಗಿಸಿ ಬಂದವನೇ ಕೈ ತೊಳೆದು, ಒರೆಸಿ, ಒಣಗಿಸಿ, ನಕ್ಷೆಯ ಮುಂದೆ ಕೂರುತ್ತಿದ್ದೆ. ಮೂರೂ ಜನ ಸೋಫಾದ ಮೇಲೆ ತಟ್ಟೆ ಹಿಡಿದು ಉಣ್ಣುವುದಾಯಿತು. ಎಲ್ಲ ಅಳತೆಯೂ ಸಿಕ್ಕಿತು, ಗಂಟಿನದೊಂದು ಬಿಟ್ಟು. ಆ ಹಾಳು ಬಳೆ ಅದರ ಮೇಲೆ ಕೂತಿತ್ತು. ಭೂತಗನ್ನಡಿ ಹಿಡಿದು ಕಂದು ಬಣ್ಣದ ಅಡಿಯಿಂದ ಒಂದೊಂದೇ ಎಳೆಯನ್ನು ಹೆಕ್ಕುವಾಗ, ಆ ಕಪ್ಪು ಇಟ್ಟವರನ್ನು ಬಾಯಿತುಂಬ ಬೈಯುತ್ತಿದ್ದೆ. ನಮ್ಮ ಕಾರ್ಖಾನೆಯಲ್ಲಿ ನಕ್ಷೆಯ ಮೇಲೆ ಚಹಾ ಇಟ್ಟವನ ಜೊತೆ ನಾನು ವಾರಗಟ್ಟಲೆ ಮಾತು ಬಿಡುತ್ತೇನೆ. ಬೈಯುತ್ತ ಬೈಯುತ್ತ ಬಳೆಯ ಜಾಗ, ಅಗಲ, ಅದು ಒಂದು ಕಡೆ ಸ್ವಲ್ಪ ಹರಿದು ಹೋದದ್ದು, ಎಲ್ಲ ನನ್ನ ತಲೆಯಲ್ಲಿ ಅಚ್ಚಾಯಿತು.

ಅಷ್ಟರಲ್ಲಿ ನವರಾತ್ರಿ ಬಂತು, ಖಂಡೇ ಪೂಜೆಯ ದಿನ ಬಂತು. ಈ ದೇಶದಲ್ಲಿ ಅದಕ್ಕೆ ರಜೆ ಇಲ್ಲ. ನಾನು ಬೆಳಿಗ್ಗೆ ಎಂದಿನಂತೆ ವುಡ್‌ಬ್ರಿಡ್ಜಿಗೆ ಹೋದೆ, ಹೆಂಡತಿ ರಜೆ ಹಾಕಿದ್ದಳು. ಪೂಜೆ ನಮ್ಮಲ್ಲಿ ಜೋರು. ಊರಲ್ಲಾದರೆ ಕುಡುಗೋಲು, ಕೊಡಲಿ. ಇಲ್ಲಿ ಸ್ನೋ ಸಲಿಕೆ, ಮಿಕ್ಸರು, ಹೊಲಿಗೆ ಯಂತ್ರ, ಈಳಿಗೆ, ಲ್ಯಾಪ್‌ಟಾಪು, ಮಗಳ ಈಜಿನ ಕನ್ನಡಕ. ದುಡಿಯುವ ಸಾಮಾನು ಯಾವುದೂ ಆ ದಿನ ದುಡಿಯಬಾರದು, ಎಲ್ಲದಕ್ಕೂ ವಿಭೂತಿ, ಕುಂಕುಮ, ಹೂವು ಆಗಬೇಕು.

ಸಂಜೆ ಬಂದು ಬಾಗಿಲು ತೆಗೆದೆ. ಊದುಬತ್ತಿಯ ವಾಸನೆ ಘಮಘಮಿಸುತ್ತಿತ್ತು. ಊಟದ ಮೇಜಿನ ಮೇಲೆ ನನ್ನ ಕ್ಯಾಲಿಪರು, ಬೆಸುಗೆಯ ಕಡ್ಡಿ, ಸ್ಕೇಲು ಎಲ್ಲ ಸಾಲಾಗಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ನಡುವೆ ನಕ್ಷೆ. ವ್ಯಾಗನ್ನಿನ ನೆತ್ತಿಯ ಮೇಲೆ, ಚಹಾದ ಬಳೆಯ ಒಳಗೆ ಸರಿಯಾಗಿ ಕೂಡುವ ಹಾಗೆ, ಒದ್ದೆ ಬೆರಳಿನಲ್ಲಿ ಒತ್ತಿದ ಕುಂಕುಮದ ಬೊಟ್ಟು. ಅದರ ಮೇಲೊಂದು ಸೇವಂತಿಗೆ.

ನಾನು ಕೂಗಿದ್ದಕ್ಕೆ ಮಗಳು ಮೇಲಿನಿಂದ ಓಡಿಬಂದಳು.

"ಯಾಕ ಒದರ್ತೀರಿ? ಎಲ್ಲಾದಕ್ಕೂ ಹಚ್ಚಿ ಇದೊಂದಕ್ಕ ಬಿಟ್ರ ಹೆಂಗ? ತಿಂಗಳಿಂದ ನೀವು ಪೂಜಿ ಮಾಡ್ಲಿಕ್ಕತ್ತದ್ದು ಇದನ್ನ ಅಲ್ಲೇನು?" ಹೆಂಡತಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಳೆಯ ಒಳಗೇ ಯಾಕೆ ಎಂದದ್ದಕ್ಕೆ, "ದೇವರೇ ಚಂದ ಜಾಗಾ ಮಾಡಿಟ್ಟಿದ್ದ," ಎಂದಳು.

ನಾನು ಒದ್ದೆ ಬಟ್ಟೆಯಿಂದ ಒರೆಸಿದೆ. ಅದೇ ದೊಡ್ಡ ತಪ್ಪು. ಬೊಟ್ಟು ಹರಡಿ ತಾಡಪತ್ರಿಯೆಲ್ಲ ಗುಲಾಬಿಯಾಯಿತು. ಅಷ್ಟೇ ಅಲ್ಲ, ಬೆರಳಿಗೆ ಲೋಳೆಯಂಥದ್ದು ಹತ್ತಿತು, ಮಿಂಚುತ್ತಿದ್ದ ಹಾಳೆ ಆ ಜಾಗದಲ್ಲಿ ಜೋಲು ಬಿತ್ತು. ಹೆಂಡತಿ ಬಗ್ಗಿ ಎರಡು ಬೆರಳ ನಡುವೆ ತಿಕ್ಕಿ ನೋಡಿದಳು.

"ಅಯ್ಯ, ಇದು ಕಾಗದ ಅಲ್ಲರೀ, ಅರಿವಿ! ಗಂಜಿ ಹಾಕಿದ ಅರಿವಿ."

ನಿಜ. ಆ ಕಾಲದವರು ಗಂಜಿ ಹಾಕಿದ ತೆಳು ಬಟ್ಟೆಯ ಮೇಲೆ ನಕ್ಷೆ ಬರೆಯುತ್ತಿದ್ದರಂತೆ. ತಿಂಗಳಿಡೀ ಭೂತಗನ್ನಡಿ ಹಿಡಿದು ಕೂತ ತಪಾಸಣೆಯವನಿಗೆ ಅದು ಬಟ್ಟೆ ಎಂದು ತಿಳಿದಿರಲಿಲ್ಲ. ಬಟ್ಟೆ ಎಂದ ಕೂಡಲೇ ಹೆಂಡತಿಗೆ ಧೈರ್ಯ ಬಂತು. ಅದು ರೈಲ್ವೆಯ ಕೈತಪ್ಪಿ ಅವಳ ಇಲಾಖೆಗೆ ಬಂದಂತಾಯಿತು. ಊರಿನಿಂದ ತಂದ ಅರಿಸಿನದ ಕುಂಕುಮ, ಅದಕ್ಕೆ ಲಿಂಬೆಹಣ್ಣೇ ಮದ್ದು ಎಂದಳು. ಹಚ್ಚಿದಳು. ಗುಲಾಬಿ ಇದ್ದದ್ದು ಹಳದಿಯಾಯಿತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

"ಹಳದಿ ಬಿಸಲಿಗೆ ಹೋಗ್ತೈತ್ರೀ. ಮದಿವ್ಯಾಗಿನ ಅರಿಷಿಣ ಎಷ್ಟು ಸೀರಿಗೆ ಹತ್ತಿರ್ತೈತಿ, ಯಾವುದರ ಉಳದೈತೇನು?"

ಮರುದಿನ ಅದೃಷ್ಟಕ್ಕೆ ಬಿಸಿಲಿತ್ತು. ಹಿತ್ತಲ ಡೆಕ್ಕಿನ ಮೇಲೆ ಹಾಳೆ ಹರವಿ, ಅಂಚಿಗೆ ಸ್ಟೀಲಿನ ಲೋಟಗಳನ್ನಿಟ್ಟು, ಅಳಿಲು ಬರದ ಹಾಗೆ ನಾನು ಸ್ನೋ ಸಲಿಕೆ ಹಿಡಿದು ಕುಳಿತೆ. ಕಾರ್ಖಾನೆಗೆ ಮೈ ಹುಷಾರಿಲ್ಲ ಎಂದು ಹೇಳಿದ್ದೆ, ಅದು ಸುಳ್ಳೂ ಆಗಿರಲಿಲ್ಲ. ಮಗಳು ಕಿಟಕಿಯಿಂದ ಇಣುಕಿ, "ಅಪ್ಪಾ, ಯು ಗೈಸ್ ಲಾಂಡರ್ಡ್ ಎ ಬ್ಲೂಪ್ರಿಂಟ್?" ಎಂದಳು.

"ಇದು ಬ್ಲೂಪ್ರಿಂಟ್ ಅಲ್ಲ," ಎಂದು ಆ ಸ್ಥಿತಿಯಲ್ಲೂ ತಿದ್ದಿದೆ.

ಹೆಂಡತಿ ಹೇಳಿದ್ದು ಹೇಳಿದ ಹಾಗೆಯೇ ಆಯಿತು. ಸೂರ್ಯ ಹಳದಿಯನ್ನು ನುಂಗಿದ. ಅಕ್ಕಿಯ ತಿಳಿ ಗಂಜಿ ಸವರಿ, ಮೇಲೆ ಹಳೆಯ ಪಂಚೆ ಹಾಸಿ, ಹದವಾಗಿ ಇಸ್ತ್ರಿ ಮಾಡಿದೆವು. ಶಾಯಿಯ ಗೆರೆಗಳು ಅಲುಗಿರಲಿಲ್ಲ. ಹಾಳೆ ಮತ್ತೆ ಗರಿಗರಿಯಾಯಿತು. ಜೊತೆಗೆ ಇನ್ನೊಂದು ಲಾಭ: ಲಿಂಬೆಹಣ್ಣು, ಬಿಸಿಲು ಎರಡೂ ಸೇರಿ ಚಹಾದ ಬಳೆಯನ್ನೂ ಒಯ್ದಿದ್ದವು. ಗಂಟು ಈಗ ಬರಿಗಣ್ಣಿಗೆ ಕಾಣುತ್ತಿತ್ತು. ನನಗೆ ಎದೆ ಉಬ್ಬಿತು. ಕೊಟ್ಟದ್ದಕ್ಕಿಂತ ಚೊಕ್ಕ ಮಾಡಿ ಹಿಂದಿರುಗಿಸುವವರು ಎಷ್ಟು ಜನ ಇದ್ದಾರೆ?

ನ್ಯೂಮಾರ್ಕೆಟ್ಟಿಗೆ ಮತ್ತೆ ಇಬ್ಬರೂ ಹೋದೆವು. ಕುಂಕುಮದ ಸಂಗತಿ ಎತ್ತುವುದೇ ಬೇಡ ಎಂದು ಕಾರಿನಲ್ಲಿ ಒಪ್ಪಂದವಾಗಿತ್ತು. ಆಕೆ ಹಾಳೆ ಬಿಚ್ಚಿ, ಅಂಗೈಯಿಂದ ಸವರಿ ಹಾಸಿದರು. ಬೆರಳು ನೇರವಾಗಿ ತಾಡಪತ್ರಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಇಲ್ಲೊಂದು ಗುರುತಿತ್ತು," ಎಂದರು.

"ಹೋಯಿತು! ನಾವೇ ತೆಗೆದೆವು," ಎಂದೆ, ಬಹುಮಾನ ತೆಗೆದುಕೊಳ್ಳಲು ಹೋಗುವವನ ದನಿಯಲ್ಲಿ.

ಆಕೆಯ ಗಲ್ಲ ಸಣ್ಣಗೆ ನಡುಗಿದ್ದು ಕಂಡು ನನ್ನ ನಗು ಮುಖದಲ್ಲೇ ಒಣಗಿತು. ಆಕೆ ನಿಧಾನವಾಗಿ ಹೇಳತೊಡಗಿದರು. ಅಪ್ಪ ಈ ಹಾಳೆಯನ್ನು ಮುಗಿಸಲೆಂದು ಮನೆಗೆ ತಂದಿದ್ದರು. ಆಗ ಆಕೆ ಚಿಕ್ಕ ಹುಡುಗಿ. ಮೊದಲ ಬಾರಿಗೆ ತಾನೇ ಚಹಾ ಮಾಡಿ ತಂದು, ಅಪ್ಪನಿಗೆ ಕಾಣಲಿ ಎಂದು, ಅವರು ಬರೆಯುತ್ತಿದ್ದ ಜಾಗದ ನಡುವೆಯೇ ಇಟ್ಟರು. ಅಪ್ಪ ಬ್ರೆಡ್ಡಿನ ತುಣುಕಿನಿಂದ ತಿಕ್ಕಿ ನೋಡಿದರು, ಹೋಗಲಿಲ್ಲ. ಕಲೆಯಾದ ನಕ್ಷೆಯನ್ನು ಆಫೀಸು ತೆಗೆದುಕೊಳ್ಳುವುದಿಲ್ಲ. ಹೊಸ ಬಟ್ಟೆ ತಂದು ಮೊದಲಿನಿಂದ ಪೂರ್ತಿ ಮತ್ತೆ ಬರೆದರು. ಆ ಚೊಕ್ಕ ನಕ್ಷೆ ಆಫೀಸಿಗೆ ಹೋಯಿತು, ಮುಂದೆ ಆಫೀಸು ಮುಚ್ಚಿದಾಗ ಉಳಿದವುಗಳ ಜೊತೆ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಕಲೆಯಾದದ್ದು ಮನೆಯಲ್ಲೇ ಉಳಿಯಿತು.

"ಬೈದರಾ ನಿಮ್ಮ ತಂದೆ?" ಎಂದು ಹೆಂಡತಿ ಕೇಳಿದಳು.

"ಇಲ್ಲ. ಚಹಾ ಚೆನ್ನಾಗಿದೆ ಎಂದರು."

ಇಡೀ ಐರ್ಲೆಂಡ್ ಹುಡುಕಿದರೂ ಸಿಗದ ನಕ್ಷೆ ನ್ಯೂಮಾರ್ಕೆಟ್ಟಿನಲ್ಲಿ ಉಳಿದದ್ದೇ ಆ ಬಳೆಯಿಂದ. ನಾವು ಅದನ್ನೇ ಲಿಂಬೆಹಣ್ಣು ಹಿಂಡಿ ತೊಳೆದಿದ್ದೆವು. ಹೆಂಡತಿ ಒಪ್ಪಂದ ಮುರಿದು ಎಲ್ಲ ಹೇಳಿಬಿಟ್ಟಳು: ಖಂಡೇ ಪೂಜೆ, ಬೊಟ್ಟು, ಲಿಂಬೆ, ಬಿಸಿಲು, ಗಂಜಿ. ತಪ್ಪು ತನ್ನದು ಎಂದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು, ಅದೂ ತಪ್ಪು ಅವಳದಲ್ಲದಾಗ. ಬೊಟ್ಟು ಬಳೆಗೆ ಏನೂ ಮಾಡಿರಲಿಲ್ಲ, ಒರೆಸಲು ಹೊರಟವನು ನಾನು.

"ಲಿಂಬೆಹಣ್ಣು," ಎಂದರು ಆಕೆ. "ಆ ದಿನ ನಮ್ಮ ಮನೆಯಲ್ಲಿ ಒಂದು ಲಿಂಬೆಹಣ್ಣು ಇದ್ದಿದ್ದರೆ ಅಪ್ಪ ಅಷ್ಟು ಕಷ್ಟಪಡಬೇಕಾಗಿರಲಿಲ್ಲ." ಹಾಳೆ ಕೈಗೆತ್ತಿಕೊಂಡು, "ನನ್ನ ಹತ್ತಿರ ಇದೂ ಇರುತ್ತಿರಲಿಲ್ಲ," ಎಂದರು. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಗಂಜಿಯ ವಾಸನೆ ನೋಡಿ, ಸುತ್ತಿ ಒಳಗಿಟ್ಟರು. ಪರವಾಗಿಲ್ಲ ಎನ್ನಲಿಲ್ಲ. ಪರವಾಗಿಲ್ಲ ಎಂದಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಬಾಗಿಲಲ್ಲಿ ಮಾತ್ರ, ಬಂಡಿ ಮುಗಿದ ಮೇಲೆ ತೋರಿಸಿ ಎಂದರು.

ಆ ಚಳಿಗಾಲವಿಡೀ ಬಂಡಿ ಮಾಡಿದೆ. ಚಕ್ರ, ಬಾಗಿಲು, ಹಲಗೆಗಳ ಸಂದು, ಬೋಲ್ಟು, ಎಲ್ಲ ನಕ್ಷೆಯಲ್ಲಿದ್ದ ಹಾಗೆ. ತೆಳು ಕಾಗದದ ತಾಡಪತ್ರಿ, ಹೊಲಿಗೆ ದಾರದ ಹಗ್ಗ. ಎಲ್ಲ ಮುಗಿದ ಮೇಲೆ ಒಂದು ಲೆಕ್ಕ ಹಾಕಿದೆ: ಆ ಕಪ್ಪಿನ ತಳ ನಕ್ಷೆಯ ಮೇಲೆ ಅಷ್ಟಿದ್ದರೆ ನಮ್ಮ ಬಂಡಿಯ ಮೇಲೆ ಎಷ್ಟಾಗುತ್ತದೆ? ಸರಿಯಾಗಿ ಅಂಗಿಯ ಗುಂಡಿಯಷ್ಟು. ಹೊಲಿಗೆ ಡಬ್ಬಿಯಿಂದ ಗುಂಡಿಯೊಂದನ್ನು ಹುಡುಕಿ, ಅಂಚು ಮಾತ್ರ ಹತ್ತುವ ಹಾಗೆ ಕಡುಚಹಾದಲ್ಲಿ ಅದ್ದಿ, ಗಂಟಿನ ಜಾಗ ನೋಡಿ ತಾಡಪತ್ರಿಯ ಮೇಲೆ ಒತ್ತಿದೆ. ಒಂದು ಕಡೆ ಸ್ವಲ್ಪ ಹರಿಯಬೇಕಿತ್ತು, ಹರಿಸಿದೆ.

ವಸಂತದಲ್ಲಿ ಕ್ಲಬ್ಬಿನ ಪ್ರದರ್ಶನ. ಹೆಂಡತಿ ಬೆಳಿಗ್ಗೆಯೇ ನ್ಯೂಮಾರ್ಕೆಟ್ಟಿಗೆ ಹೋಗಿ ಆಕೆಯನ್ನು ಕರೆತಂದಳು, ಕೊಳವೆಯೂ ಬಂತು. ಅಧ್ಯಕ್ಷರು ಆಕೆಯನ್ನು ಕಂಡು ಟೋಪಿ ತೆಗೆದು ಕೈಯಲ್ಲೇ ಭದ್ರವಾಗಿ ಹಿಡಿದುಕೊಂಡರು. ನಿಯಮದ ಪ್ರಕಾರ ನಕ್ಷೆ ಹಾಸಲಾಯಿತು, ಪಕ್ಕದಲ್ಲಿ ನನ್ನ ವ್ಯಾಗನ್. ಅಧ್ಯಕ್ಷರು ಭೂತಗನ್ನಡಿ ತೆಗೆದು ಚಕ್ರದಿಂದ ಮೇಲಕ್ಕೆ ನೋಡುತ್ತ ಹೋದರು. ಎಲ್ಲ ಸರಿ ಇದ್ದುದಕ್ಕೆ ಅವರಿಗೆ ಕೊಂಚ ಬೇಸರವೂ ಆದಂತಿತ್ತು. ನೆತ್ತಿಗೆ ಬಂದಾಗ ಮುಖ ಅರಳಿತು.

"ಇದೇನು?"

ಆಕೆ ಬಗ್ಗಿ ವ್ಯಾಗನ್ನಿನ ಮೇಲಿನ ಆ ಪುಟ್ಟ ಕಂದು ಬಳೆಯನ್ನು ನೋಡುತ್ತಿದ್ದರು.

"ರಾಕ್ಷಸನೇನಾದರೂ ಬಂದು ಇದರ ಮೇಲೆ ಚಹಾ ಇಟ್ಟು ಹೋದನೇ?" ಅಧ್ಯಕ್ಷರು ಸುತ್ತಲಿದ್ದವರತ್ತ ನೋಡಿದರು, ಒಂದಿಬ್ಬರು ನಕ್ಕರು. ಅವರು ಭೂತಗನ್ನಡಿಯನ್ನು ನಕ್ಷೆಯ ತಾಡಪತ್ರಿಯ ಮೇಲೆ ಆಡಿಸಿ, ನನ್ನ ಹೆಂಡತಿ ಹಾಕಿದ ಗಂಜಿಯ ಹೊಳಪನ್ನು ಅಂಚಿನಿಂದ ಅಂಚಿಗೆ ನೋಡಿ, ತಲೆ ಅಲ್ಲಾಡಿಸಿದರು. "ಮೂಲದಲ್ಲಿ ಇದು ಇಲ್ಲ. ನಿಯಮ ನಿಮಗೆ ಗೊತ್ತೇ ಇದೆ."

"ಮೂಲದಲ್ಲಿ ಇದೆ," ಎಂದರು ಆಕೆ. ಬಂಡಿಯ ಮೇಲಿನಿಂದ ಕಣ್ಣು ತೆಗೆದಿರಲಿಲ್ಲ. "ನಾನೇ ಇಟ್ಟದ್ದು."

ಅಧ್ಯಕ್ಷರು ಏನೋ ಹೇಳಲು ಹೋದರು. ಕೈಯಲ್ಲಿದ್ದ ಟೋಪಿಯ ನೆನಪಾಯಿತೋ ಏನೋ, ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಮೇಲೆ ಭೂತಗನ್ನಡಿಯನ್ನು ಜೇಬಿಗೆ ಹಾಕಿ, ಬಂಡಿಯನ್ನು ಎರಡೂ ಕೈಯಿಂದ ಎತ್ತಿ ತಾವೇ ಹಳಿಯ ಮೇಲಿಟ್ಟರು.